ಡಜನ್ ಅಂದ್ರೆ 12ಓ, 13ಓ? ಬನ್, ಪಫ್ಸ್ ಆರ್ಡರ್ ಕೊಡುವ ಮುಂಚೆ ಈ ಲೆಕ್ಕ ತಿಳ್ಕೊಳ್ಳಿ

ಬಾಶೆಟ್ಟಿಹಳ್ಳಿ: ಬೆಳಗ್ಗೆ ಶಿಫ್ಟ್ ಬದಲಾಗುವ ಹೊತ್ತು. ಕೈಗಾರಿಕಾ ಪ್ರದೇಶದ ಟೀ ಅಂಗಡಿಗಳಲ್ಲಿ ಬನ್ನು, ರಸ್ಕು, ಖಾರಾ ಬಿಸ್ಕತ್ತಿನ ಡಬ್ಬಿಗಳು ನೋಡ್ತಾ ನೋಡ್ತಾ ಖಾಲಿ ಆಗ್ತವೆ. ಗಿರಾಕಿ ಒಂದು ಬನ್ ತಗೊಂಡು ಹತ್ತು ರೂಪಾಯಿ ಕೊಟ್ಟು ಹೋಗ್ತಾನೆ, ಅಲ್ಲಿ ಏನೂ ಗೊಂದಲ ಇಲ್ಲ. ಗೊಂದಲ ಇರೋದು ಅದೇ ಬನ್ ಬೇಕರಿಯಿಂದ ಅಂಗಡಿಗೆ ಬರುವಾಗ.

ಒಂದು ಬೇಕರಿ ಡಜನ್ ಲೆಕ್ಕ ಹೇಳುತ್ತೆ. ಇನ್ನೊಂದು ಹತ್ತರ ಪ್ಯಾಕೆಟ್ ಕಳಿಸುತ್ತೆ. ಮತ್ತೊಂದು ಟ್ರೇ ಲೆಕ್ಕದಲ್ಲಿ ಇಳಿಸಿ ಹೋಗುತ್ತೆ. 'ಡಜನ್‌ಗೆ ಒಂದು ಕೊಸರು ಹಾಕ್ತೀನಿ ಬಿಡಿ ಅಣ್ಣ' ಅನ್ನೋ ಬಾಯಿಮಾತು ಬೇರೆ. ಯಾವುದು ಅಗ್ಗ, ಯಾವುದು ದುಬಾರಿ ಅಂತ ತಲೆ ಕೆಡೋದು ಇಲ್ಲೇ. ತಿಂಗಳ ಕೊನೆಗೆ ಲಾಭ ಯಾಕೆ ಕಮ್ಮಿ ಆಯ್ತು ಅಂತ ಹುಡುಕಿದ್ರೆ, ಎಷ್ಟೋ ಸಲ ಕಾರಣ ಸಿಗೋದೂ ಇಲ್ಲೇ.

ಯಾವುದಕ್ಕೆ ಎಷ್ಟು?

ಮೊದಲು ಅಳತೆಗಳನ್ನು ಸಾಲಾಗಿ ನೋಡೋಣ.

- ಜೊತೆ: 2
- ಕಾಲು ಡಜನ್: 3
- ಅರ್ಧ ಡಜನ್: 6
- ಮುಕ್ಕಾಲು ಡಜನ್: 9
- ಒಂದು ಡಜನ್: 12
- ಕೊಸರು ಸೇರಿದ ಡಜನ್: 13
- ಒಂದೂವರೆ ಡಜನ್: 18
- ಒಂದು ಗ್ರೋಸ್ (12 ಡಜನ್): 144

ಮೊಟ್ಟೆ ಟ್ರೇ ಅಂದ್ರೆ 30 ಅಂತ ಎಲ್ಲರಿಗೂ ಗೊತ್ತು. ಆದರೆ ಬೇಕರಿ ಟ್ರೇಗೆ ಅಂಥ ಕಟ್ಟುಪಾಡು ಇಲ್ಲ. ಟ್ರೇ ಅಳತೆ, ಬನ್ನಿನ ಗಾತ್ರದ ಮೇಲೆ 20 ಇರಬಹುದು, 24 ಇರಬಹುದು, 30 ಇರಬಹುದು. ಹಾಗಾಗಿ 'ಒಂದು ಟ್ರೇ ಎಷ್ಟು ರೂಪಾಯಿ' ಅನ್ನೋ ಪ್ರಶ್ನೆಗೆ ಮುಂಚೆ 'ಒಂದು ಟ್ರೇಯಲ್ಲಿ ಎಷ್ಟು ಬನ್' ಅಂತ ಕೇಳಬೇಕು.

ಗ್ರೋಸ್ ಅನ್ನೋ ಪದ ಬೇಕರಿಗಿಂತ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡೋರಿಗೆ ಚೆನ್ನಾಗಿ ಗೊತ್ತು. ಗುಂಡಿ, ಸೇಫ್ಟಿ ಪಿನ್ ಗ್ರೋಸ್ ಲೆಕ್ಕದಲ್ಲೇ ಬರುತ್ತೆ. ಒಂದು ಎಚ್ಚರ: ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆ ಮೇಲೆ 'ಗ್ರಾಸ್ ವೇಟ್' ಅಂತ ಇರುತ್ತಲ್ಲ, ಅದಕ್ಕೂ ಈ 144ಕ್ಕೂ ಸಂಬಂಧ ಇಲ್ಲ. ಅದು ಪೆಟ್ಟಿಗೆ, ಕವರ್ ಎಲ್ಲ ಸೇರಿದ ಒಟ್ಟು ತೂಕ. ನಮಗೆ ಬೇಕಾದ್ದು ಅದರ ಪಕ್ಕದಲ್ಲಿರೋ ನಿವ್ವಳ ತೂಕ.

ಹನ್ನೆರಡೇ ಯಾಕೆ?

ಹತ್ತರಲ್ಲಿ ಕಾಲು ಭಾಗ ಅಂದ್ರೆ ಎರಡೂವರೆ ಬನ್. ಹನ್ನೆರಡರಲ್ಲಿ ಕಾಲು, ಅರ್ಧ, ಮುಕ್ಕಾಲು, ಮೂರನೇ ಒಂದು ಎಲ್ಲವೂ ಮುರಿಯದೆ ಬರುತ್ತೆ. ವ್ಯಾಪಾರಕ್ಕೆ ಇದು ಅನುಕೂಲ.

ದುಡ್ಡಿನ ಲೆಕ್ಕವೂ ಹಾಗೇ ಇತ್ತು. ಹಿಂದೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಡಜನ್‌ಗೆ ಒಂದು ಆಣೆ ಅಂದ್ರೆ ಒಂದಕ್ಕೆ ಒಂದು ಪೈ. ಡಜನ್‌ಗೆ ಮೂರು ಆಣೆ ಅಂದ್ರೆ ಒಂದಕ್ಕೆ ಮೂರು ಪೈ. ಓದು ಬರಹ ಬಾರದವರೂ ಬಾಯಲ್ಲೇ ಹೇಳಬಹುದಿತ್ತು. 1957ರ ಏಪ್ರಿಲ್ 1ರಂದು ರೂಪಾಯಿಗೆ 100 ಪೈಸೆ ಆಯ್ತು. ಆಣೆ ಹೋಯ್ತು, ಡಜನ್ ಮಾತ್ರ ಉಳೀತು. ಈಗ ಡಜನ್‌ಗೆ 100 ರೂಪಾಯಿ ಅಂದ್ರೆ ಒಂದಕ್ಕೆ 8 ರೂಪಾಯಿ 33 ಪೈಸೆ ಚಿಲ್ಲರೆ. ಇವತ್ತಿನ ತೊಡಕಿನ ಮೂಲ ಇದೇ.

ಡಜನ್ ಎಣಿಸೋಕೆ ಒಂದು ಹಳೇ ಉಪಾಯ ಇದೆ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳಿಗೆ ತಲಾ ಮೂರು ಗೆಣ್ಣು, ಒಟ್ಟು 12. ಜಪ ಎಣಿಸೋರು ಮಾಡೋ ಹಾಗೆ ಹೆಬ್ಬೆರಳಿಂದ ಒಂದೊಂದು ಗೆಣ್ಣು ಮುಟ್ಟುತ್ತಾ ಹೋಗಿ. ಬಲಗೈಯಲ್ಲಿ 12 ಮುಗಿದ ಮೇಲೆ ಎಡಗೈಯಲ್ಲಿ ಒಂದು ಗೆಣ್ಣು ಮುಂದೆ ಹೋಗಿ. ಎಡಗೈಯ 12 ಗೆಣ್ಣೂ ಮುಗಿದಾಗ 144, ಅಂದ್ರೆ ಸರಿಯಾಗಿ ಒಂದು ಗ್ರೋಸ್. ವ್ಯಾನ್‌ನಿಂದ ಮಾಲು ಇಳಿಸಿಕೊಳ್ಳುವಾಗ ಪೆನ್ನು ಪೇಪರ್ ಬೇಕಾಗಲ್ಲ.

ಹದಿಮೂರನೇ ಬನ್ ಎಲ್ಲಿಂದ ಬಂತು?

ಇಂಗ್ಲಿಷಿನಲ್ಲಿ 13ಕ್ಕೆ 'ಬೇಕರ್ಸ್ ಡಜನ್' ಅಂತಾರೆ. ಇಂಗ್ಲೆಂಡಿನಲ್ಲಿ 13ನೇ ಶತಮಾನದಲ್ಲೇ ಬ್ರೆಡ್ಡಿನ ತೂಕ, ಬೆಲೆ ಕಟ್ಟುಮಾಡುವ ಕಾನೂನು ಇತ್ತು. ತೂಕ ಕಮ್ಮಿ ಬಂದ್ರೆ ದಂಡ, ಶಿಕ್ಷೆ. ಆ ಭಯಕ್ಕೆ ಡಜನ್ ಕೊಡುವ ಕಡೆ ಒಂದು ಹೆಚ್ಚಿಗೆ ಕೊಡೋ ರೂಢಿ ಬಂತು ಅನ್ನೋದು ಪ್ರಚಲಿತ ವಿವರಣೆ. ಬೀದಿಯಲ್ಲಿ ಹೊತ್ತು ಮಾರುವವರಿಗೆ ಆ ಹದಿಮೂರನೆಯದೇ ಲಾಭ ಆಗ್ತಿತ್ತು ಅಂತಲೂ ಹೇಳ್ತಾರೆ.

ನಮಗೆ ಇದು ಹೊಸದೇನಲ್ಲ. ನಮ್ಮ ಕಡೆ ಅದಕ್ಕೆ 'ಕೊಸರು' ಅಂತ ಹೆಸರೇ ಇದೆ. ರಾಗಿ, ಅವರೆಕಾಳು ಅಳೆಯುವಾಗ ಮೊದಲ ಅಳತೆಗೆ 'ಒಂದು' ಅನ್ನದೆ 'ಲಾಭ' ಅಂತಾರೆ. ಅಳೆದು ಮುಗಿದ ಮೇಲೆ ಒಂದು ಹಿಡಿ ಮೇಲೆ ಹಾಕ್ತಾರೆ, ಅದು ಕೊಸರು. ಸೊಪ್ಪು, ನಿಂಬೆಹಣ್ಣು ಕೊಳ್ಳುವಾಗಲೂ ಕೇಳಿ ಹಾಕಿಸಿಕೊಳ್ಳೋದು ರೂಢಿ.

ಬ್ರೆಡ್ಡು ಬನ್ನು ಬ್ರಿಟಿಷರ ಕಾಲದಲ್ಲಿ ಬೆಂಗಳೂರಿಗೆ ಬಂದು, ಮುಂದೆ ಹಾಸನ ಜಿಲ್ಲೆ ಕಡೆಯಿಂದ ಬಂದವರ ಅಯ್ಯಂಗಾರ್ ಬೇಕರಿಗಳ ಮೂಲಕ ಊರೂರಿಗೆ ಹಬ್ಬಿತು. ಪೌಂಡ್, ಡಜನ್ ಅನ್ನೋ ಅಳತೆಗಳು ಅವುಗಳ ಜೊತೆಗೇ ಬಂದವು. ಕೊಸರು ಮಾತ್ರ ನಮ್ಮದೇ.

ಆದರೆ ಕೊಸರು ಅನ್ನೋದು ವಿಶ್ವಾಸದ ಮೇಲೆ ಕೊಡೋದು. ಬಿಲ್‌ನಲ್ಲಿ ಬರಲ್ಲ. ತೊಂದರೆ ಶುರು ಆಗೋದು ಅಲ್ಲಿಂದಲೇ.

25 ಡಜನ್ ಬನ್ನಿನ ಲೆಕ್ಕ

ಉದಾಹರಣೆಗೆ ಒಂದು ಟೀ ಅಂಗಡಿ ಅಂತ ಇಟ್ಕೊಳ್ಳಿ. ದಿನಕ್ಕೆ 25 ಡಜನ್ ಬನ್, ಡಜನ್‌ಗೆ 84 ರೂಪಾಯಿ. ಬೇಕರಿಗೆ ಕೊಡೋದು 2,100 ರೂಪಾಯಿ. ಗಿರಾಕಿಗೆ ಒಂದಕ್ಕೆ 10 ರೂಪಾಯಿ.

- ಕೊಸರು ಇಲ್ಲದಿದ್ರೆ 300 ಬನ್. ಮಾರಾಟ 3,000, ಉಳಿಯೋದು 900 ರೂಪಾಯಿ.
- ಕೊಸರು ಇದ್ರೆ 325 ಬನ್. ಮಾರಾಟ 3,250, ಉಳಿಯೋದು 1,150 ರೂಪಾಯಿ.

ದಿನಕ್ಕೆ 250 ರೂಪಾಯಿ ವ್ಯತ್ಯಾಸ. ತಿಂಗಳಲ್ಲಿ 26 ದಿನ ಅಂಗಡಿ ತೆಗೆದ್ರೆ 6,500 ರೂಪಾಯಿ. ಎಷ್ಟೋ ಕಡೆ ಇದು ಅಂಗಡಿ ಬಾಡಿಗೆಯ ದುಡ್ಡು. ಲೈನ್ ಹುಡುಗ ಬದಲಾಗಿ, ಹೊಸಬ ಕೊಸರು ಹಾಕದೆ ಹೋದ್ರೆ ಬಿಲ್ ನೋಡಿದ್ರೆ ಏನೂ ಗೊತ್ತಾಗಲ್ಲ. ಬಿಲ್ ಮೊದಲಿನ ಹಾಗೇ '25 ಡಜನ್' ಅಂತಲೇ ಇರುತ್ತೆ.

ಇನ್ನೊಂದು ಮಾತು. ಕೊಸರು ಅಂದ್ರೆ ಶೇ. 8.33 ರಿಯಾಯಿತಿ ಅಂತ ಕೆಲವರು ಲೆಕ್ಕ ಹಾಕ್ತಾರೆ. ಮಾಲು ಜಾಸ್ತಿ ಬರೋದು ಶೇ. 8.33 ನಿಜ, ಆದರೆ ಒಂದು ಬನ್ನಿನ ಬೆಲೆ ಇಳಿಯೋದು ಶೇ. 7.69 ಮಾತ್ರ. 84 ರೂಪಾಯಿಯನ್ನು 12ರಿಂದ ಭಾಗಿಸಿದ್ರೆ 7 ರೂಪಾಯಿ, 13ರಿಂದ ಭಾಗಿಸಿದ್ರೆ 6.46. ಬೇರೆ ಬೇಕರಿಯವರು 'ಕೊಸರು ಇಲ್ಲ, ಶೇ. 8 ಕಮ್ಮಿ ಮಾಡ್ಕೊಡ್ತೀನಿ' ಅಂದ್ರೆ ಒಂದಕ್ಕೆ 6.44 ಆಗುತ್ತೆ. ಅದೇ ಸ್ವಲ್ಪ ಅಗ್ಗ!

ರಿಟರ್ನ್ ಕೊಡುವಾಗ ಹುಷಾರು

ಮಾರಾಟ ಆಗದ ಬನ್ ಮಾರನೇ ದಿನ ವಾಪಸ್ ತಗೊಳ್ಳೋ ಬೇಕರಿಗಳಿವೆ. 26 ಬನ್ ವಾಪಸ್ ಕೊಟ್ರಿ ಅಂತ ಇಟ್ಕೊಳ್ಳಿ. 13ರ ಲೆಕ್ಕದಲ್ಲಿ ಅದು 2 ಡಜನ್, 168 ರೂಪಾಯಿ. 12ರ ಲೆಕ್ಕದಲ್ಲಿ 2 ಡಜನ್ ಜೊತೆಗೆ 2, ಅಂದ್ರೆ 182 ರೂಪಾಯಿ. 14 ರೂಪಾಯಿಗೆ ಎರಡೂ ಕಡೆಯವರು ಮುಖ ಊದಿಸ್ಕೊಳ್ಳೋದು ಬೇಡ. ಕೊಡುವಾಗ 13 ಆದ್ರೆ ವಾಪಸ್ ತಗೊಳ್ಳುವಾಗಲೂ 13 ಅನ್ನೋದೇ ನ್ಯಾಯ. ಇಲ್ಲದಿದ್ರೆ ಬೇಕರಿಯವರಿಗೆ ನಷ್ಟ. ಇದನ್ನು ಮೊದಲ ದಿನವೇ ಮಾತಾಡಿಕೊಂಡ್ರೆ ಒಳ್ಳೇದು.

ಮೂರು ರೇಟ್, ಯಾವುದು ಅಗ್ಗ?

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಮೂರು ಬೇಕರಿ, ಮೂರು ರೇಟ್:

- ಮೊದಲನೆಯದು: ಡಜನ್‌ಗೆ 84 ರೂ., ಕೊಸರು ಸೇರಿ 13. ಒಂದಕ್ಕೆ 6.46.
- ಎರಡನೆಯದು: ಹತ್ತರ ಪ್ಯಾಕೆಟ್ 65 ರೂ. ಒಂದಕ್ಕೆ 6.50.
- ಮೂರನೆಯದು: 30ರ ಟ್ರೇ 200 ರೂ. ಒಂದಕ್ಕೆ 6.67.

ಮೊದಲನೆಯದೇ ಅಗ್ಗ ಅನ್ನಿಸುತ್ತೆ. ಈಗ ಬನ್ನನ್ನು ತಕ್ಕಡಿಗೆ ಹಾಕಿ. ಮೊದಲನೆಯದು 40 ಗ್ರಾಂ, ಎರಡನೆಯದು 45, ಮೂರನೆಯದು 50 ಗ್ರಾಂ ಬಂತು ಅಂತ ಇಟ್ಕೊಳ್ಳಿ. ಆಗ 100 ಗ್ರಾಂಗೆ ಮೊದಲನೆಯದು 16.15 ರೂ., ಎರಡನೆಯದು 14.44, ಮೂರನೆಯದು 13.33. ಸಾಲು ತಿರುಗಾ ಮುರುಗಾ ಆಯ್ತು. ದುಬಾರಿ ಅಂದ್ಕೊಂಡಿದ್ದೇ ಅಗ್ಗ!

ಹಾಗಂತ ತೂಕ ಒಂದನ್ನೇ ನೋಡಬೇಕು ಅಂತಲ್ಲ. ಗಿರಾಕಿ ಕೊಳ್ಳೋದು ಬನ್ ಲೆಕ್ಕದಲ್ಲೇ. ಆದರೆ ಪಕ್ಕದ ಅಂಗಡಿಯಲ್ಲಿ ಅದೇ ಹತ್ತು ರೂಪಾಯಿಗೆ ದಪ್ಪ ಬನ್ ಸಿಕ್ಕಿದ್ರೆ ಅವನು ನಾಳೆ ಅಲ್ಲಿಗೆ ಹೋಗ್ತಾನೆ.

ಪೌಂಡ್ ಬ್ರೆಡ್ ಎಷ್ಟು ಗ್ರಾಂ?

'ಒಂದು ಪೌಂಡ್ ಬ್ರೆಡ್ ಕೊಡಿ' ಅಂತ ಇವತ್ತಿಗೂ ಕೇಳ್ತೀವಿ. ನಿಜವಾದ ಪೌಂಡ್ ಅಂದ್ರೆ 453.6 ಗ್ರಾಂ, ಅರ್ಧ ಪೌಂಡ್ 226.8 ಗ್ರಾಂ. ಪೌಂಡ್ ಅಂತ ಕರೆಯೋ ಪ್ಯಾಕೆಟ್ ಮೇಲೆ 400 ಗ್ರಾಂ ಅಂತ ಇರೋದು ಸಾಮಾನ್ಯ. ಅದು ಮೋಸ ಅಲ್ಲ, ಪೌಂಡ್ ಅನ್ನೋದು ಈಗ ಬರೀ ಹೆಸರು. ಎರಡು ಅಂಗಡಿ ಬ್ರೆಡ್ ಹೋಲಿಸುವಾಗ ಹೆಸರು ಬಿಟ್ಟು ಗ್ರಾಂ ನೋಡಿ.

ಆಯುಧಪೂಜೆಗೆ 500 ಪಫ್ಸ್ ಬೇಕಾದ್ರೆ?

ಆಯುಧಪೂಜೆ ಬಂತು ಅಂದ್ರೆ ಫ್ಯಾಕ್ಟರಿಗಳಿಂದ ದೊಡ್ಡ ಆರ್ಡರ್. 500 ಜನಕ್ಕೆ ತಲಾ ಒಂದು ಪಫ್ಸ್ ಬೇಕು ಅಂದ್ರೆ:

- 12ರ ಡಜನ್: 42 ಡಜನ್ (504)
- 13ರ ಡಜನ್: 39 (507)
- 6ರ ಬಾಕ್ಸ್: 84 ಬಾಕ್ಸ್ (504)
- 30ರ ಟ್ರೇ: 17 ಟ್ರೇ (510)
- ಗ್ರೋಸ್: 3 ಗ್ರೋಸ್, 5 ಡಜನ್, 8 ಬಿಡಿ (ಸರಿಯಾಗಿ 500)

ಕೊಸರು ಬರುತ್ತೆ ಅಂತ ನಂಬಿ 39 ಡಜನ್ ಹೇಳಿ, ಬೇಕರಿಯವರು 12ರ ಲೆಕ್ಕದಲ್ಲೇ ಕಳಿಸಿದ್ರೆ ಬರೋದು 468. ಪೂಜೆ ದಿನ 32 ಜನ ಕಾರ್ಮಿಕರು ಬರಿಗೈಯಲ್ಲಿ ನಿಲ್ಲಬೇಕಾಗುತ್ತೆ. ಇಂಥ ಆರ್ಡರ್‌ನಲ್ಲಿ ಡಜನ್ ಅನ್ನೋ ಪದವನ್ನೇ ಬಿಟ್ಟು '500 ಪಫ್ಸ್' ಅಂತ ಹೇಳೋದು ಕ್ಷೇಮ.

ಕಾನೂನು ಏನು ಹೇಳುತ್ತೆ?

2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ ಪ್ರಕಾರ ತೂಕಕ್ಕೆ ಗ್ರಾಂ, ಕಿಲೋ, ಎಣಿಕೆಗೆ ಅಂಕಿ. ಬಾಯಲ್ಲಿ ಡಜನ್ ಅಂದ್ರೂ ಬಿಲ್‌ನಲ್ಲಿ '12' ಅಂತ ಅಂಕಿಯಲ್ಲಿ ಬರೆಯೋದನ್ನು ರೂಢಿ ಮಾಡ್ಕೊಳ್ಳಿ.

ಗಿರಾಕಿ ಎದುರಿಗೆ ಎಣಿಸಿ ಕವರ್‌ಗೆ ಹಾಕಿ ಕೊಟ್ರೆ ಅದು ಬಿಡಿ ಮಾರಾಟ. ಗಿರಾಕಿ ಬರೋ ಮುಂಚೆಯೇ ಪ್ಯಾಕ್ ಮಾಡಿ ಇಟ್ರೆ ಅದು ಕಾನೂನಿನ ಕಣ್ಣಿಗೆ ಪೊಟ್ಟಣ ಸಾಮಗ್ರಿ. ಆಗ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ, ನಿವ್ವಳ ತೂಕ ಅಥವಾ ಸಂಖ್ಯೆ, ಗರಿಷ್ಠ ಮಾರಾಟ ಬೆಲೆ ಎಲ್ಲ ಮೇಲೆ ಇರಬೇಕು. 2021ರಲ್ಲಿ ಪೊಟ್ಟಣ ಸಾಮಗ್ರಿ ನಿಯಮಗಳಿಗೆ ತಂದ ತಿದ್ದುಪಡಿಯಿಂದ 'ಯೂನಿಟ್ ಬೆಲೆ', ಅಂದ್ರೆ ಒಂದು ಗ್ರಾಂಗೆ ಅಥವಾ ಒಂದಕ್ಕೆ ಎಷ್ಟು ಅನ್ನೋದನ್ನೂ ನಮೂದಿಸುವ ನಿಯಮ ಬಂದಿದೆ. ನಾವು ಮೇಲೆ ಭಾಗಾಕಾರ ಮಾಡಿದ್ದೂ ಅದನ್ನೇ. ಮುಂದಿನ ಸಲ ಬ್ರೆಡ್ ಪ್ಯಾಕೆಟ್ ತಗೊಂಡಾಗ ಆ ಸಣ್ಣ ಅಕ್ಷರ ಓದಿ ನೋಡಿ.

ತೂಕ, ಎಣಿಕೆ, ಬೆಲೆಯಲ್ಲಿ ಮೋಸ ಆಗಿದೆ ಅನ್ನಿಸಿದ್ರೆ ಗ್ರಾಹಕರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಆರ್ಡರ್ ಚೀಟಿಯಲ್ಲಿ ಈ ನಾಲ್ಕು ಇರಲಿ

1. ಒಟ್ಟು ಎಷ್ಟು ಬನ್, ಅಂಕಿಯಲ್ಲಿ.
2. ಕೊಸರು ಉಂಟಾ ಇಲ್ವಾ. ಇದ್ರೆ ಅದನ್ನೂ ಸೇರಿಸಿದ ಸಂಖ್ಯೆ.
3. ಒಂದು ಬನ್ನಿನ ಬೆಲೆ, ಅಂದಾಜು ತೂಕ.
4. ರಿಟರ್ನ್ ಯಾವ ಲೆಕ್ಕದಲ್ಲಿ.

ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿದ್ರೂ ಸಾಕು. '25 ಡಜನ್' ಅನ್ನೋ ಬದಲು '325 ಬನ್, 2,100 ರೂ., ರಿಟರ್ನ್ 13ಕ್ಕೆ 84' ಅಂತ ಬರೆದಿದ್ರೆ ನಾಳೆ ವ್ಯಾನ್ ಹುಡುಗ ಬದಲಾದ್ರೂ ಲೆಕ್ಕ ಬದಲಾಗಲ್ಲ. ಕೊಸರು ಕೇಳೋದು ಬಿಡಬೇಡಿ, ಅದು ನಮ್ಮ ಹಕ್ಕಲ್ಲದಿದ್ರೂ ನಮ್ಮ ರೂಢಿ. ಕೇಳಿದ್ದನ್ನು ಬರೆದು ಇಟ್ಕೊಳ್ಳಿ, ಅಷ್ಟೇ.