ಗಾಲಿ ಸೊಟ್ಟಾದ್ರ ಗತಿ ಏನು?
ಅರಭಾವಿ ಸುತ್ತಮುತ್ತ ರಿಮ್ಮು ರಿಪೇರಿಗೆ ಊರೂರು ಅಲೆದಾಟ

ಅರಭಾವಿ: ಟಾಯರ್ ಪಂಕ್ಚರ್ ಆದ್ರ ಚಿಂತಿಲ್ಲ, ಊರಿಗೊಂದು ಅಂಗಡಿ ಐತಿ. ಗಾಳಿ ಹಾಕಿಸಲಿಕ್ಕೂ ದೂರ ಹೋಗಬೇಕಾಗಿಲ್ಲ. ಆದರೆ ರಿಮ್ಮೇ ಬಾಗಿದರೆ? ಅಂಚು ಮುಕ್ಕಾದರೆ? ಬಣ್ಣ ಎದ್ದು ತುಕ್ಕು ತಿನ್ನತೊಡಗಿದರೆ? ಅಲ್ಲಿಂದಲೇ ಗಾಡಿ ಮಾಲೀಕರ ಪರದಾಟ ಶುರು. ಪಂಕ್ಚರಿನವರು ಲೇತಿನವರ ಕಡೆ ಕೈ ತೋರಿಸುತ್ತಾರೆ, ಲೇತಿನವರು ಪೇಂಟರನ ಕಡೆ. ಪೇಂಟರು "ಮೊದಲ ನೆಟ್ಟಗ ಮಾಡಿಸಿಕೊಂಡು ಬರ್ರಿ" ಅಂತಾರೆ. ಕೊನೆಗೆ ಗಾಲಿ ಬಿಚ್ಚಿಕೊಂಡು ಬಸ್ ಹತ್ತಿ ಬೆಳಗಾವಿಗೋ ಕೊಲ್ಹಾಪುರಕ್ಕೋ ಹೊರಡುವುದೇ ಹಲವರ ಪಾಲಿಗೆ ಉಳಿದ ದಾರಿ. ಕಂಡಕ್ಟರ್ ಲಗೇಜ್ ಟಿಕೀಟು ಹರಿದರೆ ಅದೂ ಮೇಲಿನ ಖರ್ಚು.

ಇದು ಶೋಕಿಯ ಮಾತಲ್ಲ. ಘಟಪ್ರಭಾ, ಗೋಕಾಕ, ಮೂಡಲಗಿ, ಹುಕ್ಕೇರಿ ನಡುವೆ ದಿನಾ ಬಾಡಿಗೆ ಹೊಡೆಯುವವನಿಗೆ ಗಾಲಿ ಅಂದರೆ ಅನ್ನ. ಒಂದು ದಿನ ಗಾಡಿ ನಿಂತರೆ ಆ ದಿನದ ಗಳಿಕೆ ಹೋಯಿತು, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ರೊಕ್ಕದ್ದಷ್ಟೇ ಅಲ್ಲ, ಜೀವದ ಪ್ರಶ್ನೆ

ಹಿಂದೆ ಅಂಬಾಸಡರ್, ಪದ್ಮಿನಿ ಕಾಲದಲ್ಲಿ, 1983ರಲ್ಲಿ ಮಾರುತಿ 800 ಬಂದ ಮೇಲೂ ಬಹಳ ದಿನ, ಕಾರಿನ ಗಾಲಿ ಅಂದರೆ ಉಕ್ಕಿನ ಡಿಸ್ಕು, ಒಳಗೆ ಟ್ಯೂಬು. ಡಿಸ್ಕಿನ ಅಂಚು ಚೂರು ಬಾಗಿದರೂ ಟ್ಯೂಬು ಗಾಳಿ ಹಿಡಿದುಕೊಳ್ಳುತ್ತಿತ್ತು. ನಾಲ್ಕು ಸುತ್ತಿಗೆ ಏಟು ಹಾಕಿ, ಕರೀ ಬಣ್ಣ ಬಳಿದು ಗಾಡಿ ಬಿಡುತ್ತಿದ್ದರು.

ಈಗ ಟ್ಯೂಬ್‌ಲೆಸ್ ಟಾಯರಿನ ಕಾಲ. ಒಳಗಿನ ಗಾಳಿಯನ್ನು ತಡೆಯುವುದು ಟಾಯರಿನ ಅಂಚು ಮತ್ತು ರಿಮ್ಮಿನ ಅಂಚು ಕೂಡುವ ಜಾಗ. ಅಲ್ಲಿ ತುಕ್ಕಿನ ಹಕ್ಕಳೆ ಎದ್ದಿದ್ದರೆ, ಕೂದಲೆಳೆಯಷ್ಟು ಬಿರುಕು ಇದ್ದರೆ ಗಾಳಿ ಸೋರಿತೆಂದೇ ಲೆಕ್ಕ. ರಾತ್ರಿ ತುಂಬಿದ ಗಾಳಿ ಬೆಳಿಗ್ಗೆ ಅರ್ಧ. "ಒಳಗೊಂದು ಟ್ಯೂಬ್ ಹಾಕಿಬಿಡ್ರಿ" ಅನ್ನುವುದು ಸುಲಭದ ಉಪಾಯ. ಅದರಿಂದ ಸೋರುವುದು ನಿಲ್ಲಬಹುದು, ಬಿರುಕು ನಿಲ್ಲುವುದಿಲ್ಲ. ಮಂದಿ ತುಂಬಿದ ಗಾಡಿ ವೇಗದಲ್ಲಿದ್ದಾಗ ಆ ಬಿರುಕು ಬಾಯಿ ಬಿಟ್ಟರೆ ಯಾರು ಹೊಣೆ?

ಇನ್ನು ಅಲಾಯ್ ಗಾಲಿ. ಇದು ಕಬ್ಬಿಣವಲ್ಲ, ಅಲ್ಯುಮಿನಿಯಂನಲ್ಲಿ ಸಿಲಿಕಾನ್, ಚೂರು ಮೆಗ್ನೀಸಿಯಂ ಬೆರೆಸಿ ಎರಕ ಹೊಯ್ದದ್ದು. ನೋಡಲಿಕ್ಕೆ ಚಂದ, ತೂಕದಲ್ಲೂ ಬಹುಪಾಲು ಹಗುರ. ಆದರೆ ದೊಡ್ಡ ಗಾಲಿಗೆ ಹಾಕುವ ಟಾಯರಿನ ಗೋಡೆ ಗಿಡ್ಡ. ತಗ್ಗಿಗೆ ಬಿದ್ದಾಗ ಏಟು ನುಂಗಿಕೊಳ್ಳಲು ರಬ್ಬರ್ ಸಾಲದು, ಪೆಟ್ಟು ನೇರ ರಿಮ್ಮಿಗೇ.

ತಗ್ಗು ಯಾಕೆ ಬೀಳ್ತಾವ?

ಮೂಡಲಗಿ ಭಾಗದ ಎರೆ ನೆಲ ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಮೇಲಿನ ಡಾಂಬರು ಅದರ ಜೊತೆ ಕುಣಿಯಲಾರದೆ ಒಡೆಯುತ್ತದೆ. ಅದರ ಮೇಲೆ ಕಬ್ಬಿನ ಹಂಗಾಮು. ಘಟಪ್ರಭಾ, ಸಂಕೇಶ್ವರ ಕಡೆಯ ಸಕ್ಕರೆ ಕಾರ್ಖಾನೆಗಳಿಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರುಗಳು ಹಗಲು-ರಾತ್ರಿ ಓಡುತ್ತವೆ. ರಸ್ತೆ ಅಂಚು ಕುಸಿಯುತ್ತದೆ. ಎದುರಿಗೆ ಕಬ್ಬಿನ ಗಾಡಿ ಬಂದಾಗ ಕಾರಿನವನು ಕೆಳಗೆ ಇಳಿಸಲೇಬೇಕು, ಇಳಿಸಿದಾಗ ಅಂಚಿಗೆ ರಿಮ್ಮು ಬಡಿಯುತ್ತದೆ.

ಹೊಳೆಯ ಪಾಲೂ ಸಣ್ಣದಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಿನ ಲೋಳಸೂರ ಸೇತುವೆ ಮುಳುಗಿದ್ದನ್ನು ಈ ಭಾಗದವರು ಮರೆತಿಲ್ಲ. ರಾಡಿ ನೀರಿನಲ್ಲಿ ನಿಂತ ಗಾಡಿಯ ಉಕ್ಕಿನ ಡಿಸ್ಕಿಗೆ ತುಕ್ಕು ಹತ್ತುವುದು ಖಾತ್ರಿ. ಅಲಾಯ್‌ಗೆ ಕೆಂಪು ತುಕ್ಕು ಬರುವುದಿಲ್ಲ ಖರೆ. ಆದರೆ ಮೇಲಿನ ವಾರ್ನಿಷ್ ಒಡೆದ ಕಡೆ ತೇವ ಹೊಕ್ಕು ಬಿಳೀ ಹುಳುಕು ಹಬ್ಬುತ್ತದೆ.

ಕಂಬಾರನ ಕಣ್ಣಿಗೂ ಸಿಗದು

ಗಾಲಿ ಕೆಲಸ ಈ ನೆಲಕ್ಕೆ ಹೊಸದೇನೂ ಅಲ್ಲ. ಬಡಿಗ್ಯಾ ಚಕ್ಕಡಿ ಗಾಲಿ ಕಟ್ಟುತ್ತಿದ್ದ, ಕಂಬಾರ ಹಳಿ ಕೆಂಪಗೆ ಕಾಸಿ ತೊಡಿಸಿ ನೀರು ಸುರುವುತ್ತಿದ್ದ. ಹಳಿ ತಣ್ಣಗಾಗಿ ಬಿಗಿದುಕೊಂಡರೆ ಗಾಲಿ ವರ್ಷಗಟ್ಟಲೆ ಗಟ್ಟಿ. ಕಬ್ಬಿಣ ಎಷ್ಟು ಕಾಯ್ದಿದೆ ಎಂಬುದನ್ನು ಬಣ್ಣ ನೋಡಿಯೇ ಹೇಳುವ ಕಣ್ಣು ಅವನದು.

ಅಲ್ಯುಮಿನಿಯಂ ಮುಂದೆ ಆ ಕಣ್ಣು ನಡೆಯುವುದಿಲ್ಲ. ಅದು ಕೆಂಪಗಾಗುವ ಮೊದಲೇ ಕರಗಿಬಿಡುತ್ತದೆ. ಕಾರ್ಖಾನೆಯಲ್ಲಿ ಅಲಾಯ್ ಗಾಲಿಯನ್ನು ಸುಮಾರು 540 ಡಿಗ್ರಿಗೆ ಕಾಸಿ, ನೀರಿನಲ್ಲಿ ಅದ್ದಿ, ಮತ್ತೆ ಕಡಿಮೆ ಶಾಖದಲ್ಲಿ ತಾಸುಗಟ್ಟಲೆ ಇಟ್ಟು ಗಟ್ಟಿ ಮಾಡುತ್ತಾರೆ. ಅದೇ ಗಾಲಿಗೆ ರಸ್ತೆ ಬದಿ ಗ್ಯಾಸ್ ಬೆಂಕಿ ಹಿಡಿದು ಬಡಿದರೆ ಆ ಜಾಗ ಮೆತ್ತಗಾಗುತ್ತದೆ. ಹೊರಗೆ ಬಣ್ಣ ಥಳಥಳ, ಒಳಗೆ ಟೊಳ್ಳು ಬಲ.

ಸರಿಯಾದ ಕೆಲಸಕ್ಕೆ ಬೇರೆ ಕ್ರಮ ಇದೆ. ಟಾಯರ್, ವಾಲ್ವ್ ತೆಗೆದು ಹಳೇ ಬಣ್ಣ ಪೂರ್ತಿ ಕೀಳಬೇಕು. ಗಾಲಿ ತಿರುಗಿಸಿ ಸೊಟ್ಟ ಎಲ್ಲಿ, ಎಷ್ಟು ಎಂದು ಅಳೆಯಬೇಕು. ಹೈಡ್ರಾಲಿಕ್ ಜಾಕಿನಿಂದ ಮೆಲ್ಲಗೆ ಒತ್ತಿ ನೆಟ್ಟಗೆ ತರಬೇಕು. ಅಂಚು ಮುಕ್ಕಾಗಿದ್ದರೆ ಆರ್ಗಾನ್ ವೆಲ್ಡಿಂಗ್ ಮಾಡಿ ಲೇತಿನಲ್ಲಿ ಹೆರೆಯಬೇಕು. ಕೊನೆಗೆ ಪೌಡರ್ ಕೋಟಿಂಗ್. ಅಂದರೆ ಪುಡಿ ಬಣ್ಣ ಸಿಂಪಡಿಸಿ ಸುಮಾರು 180ರಿಂದ 200 ಡಿಗ್ರಿ ಒಲೆಯಲ್ಲಿ ಬೇಯಿಸುವುದು. ಕಿಟಕಿ ಸೆಕ್ಷನ್, ಕಪಾಟುಗಳಿಗೆ ಮಾಡುವುದೂ ಇದನ್ನೇ.

ಬೆಳಗಾವಿಯ ಉದ್ಯಮಬಾಗದಲ್ಲಿ ಲೇತು, ಫೌಂಡ್ರಿಗಳಿಗೆ ಬರವಿಲ್ಲ. ಕೊಲ್ಹಾಪುರದ ಶಿರೋಳಿ, ಗೋಕುಳ ಶಿರಗಾಂವದಲ್ಲೂ ಎರಕದ ಕೆಲಸಕ್ಕೆ ದೊಡ್ಡ ಹೆಸರು. ಸಂಕೇಶ್ವರದವರಿಗೆ ಹೆದ್ದಾರಿ ಹಿಡಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ದೂರ. ತೊಂದರೆ ಇರುವುದು ಅರಭಾವಿ, ಮೂಡಲಗಿ ಕಡೆಯವರಿಗೆ: ಹೋಗಿ ಬರುವುದರಲ್ಲೇ ಒಂದು ದಿನ ಹಾಳು, ತರಲಿಕ್ಕೆ ಮತ್ತೊಂದು ದಿನ.

ಗಿರಾಕಿ ಕೇಳಬೇಕಾದ್ದು

ದುಡ್ಡು ಕೊಡುವ ಮೊದಲು ನಾಲ್ಕು ಮಾತು ಕೇಳಲು ನಾಚಿಕೆ ಬೇಡ.

"ಗ್ಯಾಸಿನಿಂದ ಕಾಸ್ತೀರೇನು?" ಅಲಾಯ್‌ಗೆ ಹೌದು ಎಂದರೆ ಮುಂದಿನ ಅಂಗಡಿ ನೋಡಿ.

"ಬಿರುಕು ನೋಡೀರೇನು?" ಬಣ್ಣ ಹಾಕುವ ಮೊದಲೇ ನೋಡಬೇಕು. ಕೆಂಪು ದ್ರಾವಣ ಸವರಿ ಒರೆಸಿ, ಮೇಲೆ ಬಿಳೀ ಪುಡಿ ಸಿಂಪಡಿಸಿದರೆ ಬಿರುಕಿನ ಗೆರೆ ಎದ್ದು ಕಾಣುತ್ತದೆ. ಹಳೇ ರೈಲ್ವೆ ಕಾರ್ಖಾನೆಗಳಲ್ಲಿ ಎಣ್ಣೆ ಮತ್ತು ಸುಣ್ಣದ ಪುಡಿಯಿಂದ ಇದನ್ನೇ ಮಾಡುತ್ತಿದ್ದರು. ಬಿರುಕು ಕಡ್ಡಿಯಲ್ಲೋ ನಟ್ಟು ಕೂಡುವ ಜಾಗದಲ್ಲೋ ಇದ್ದರೆ ಆ ಗಾಲಿ ಗುಜರಿಗೆ. ಅದನ್ನೂ ಬೆಸೆದು ಕೊಡುತ್ತೇವೆ ಅನ್ನುವವನು ನಿಮ್ಮ ಹಿತೈಷಿ ಅಲ್ಲ.

"ಪುಟ್ಟಿ ತುಂಬ್ತೀರೇನು?" ಗೀರು ಮುಚ್ಚಲು ಚೂರು ಪುಟ್ಟಿ ಪರವಾಗಿಲ್ಲ. ಮುರಿದ ಅಂಚಿಗೆ ಪುಟ್ಟಿ ಮೆತ್ತಿದರೆ ಅದು ಮೋಸ.

"ನಟ್ಟು ಕೂಡುವ ಕಡೆ ಬಣ್ಣ ಬಿಟ್ಟೀರೇನು?" ಅಲ್ಲಿ ದಪ್ಪ ಬಣ್ಣ ಕೂತರೆ ಓಡಾಟದಲ್ಲಿ ಅದು ಸವೆದು ನಟ್ಟು ಸಡಿಲಾಗುತ್ತದೆ. ಗಾಲಿ ಕೂಡಿಸಿ 50-100 ಕಿಲೋಮೀಟರ್ ಓಡಿದ ಮೇಲೆ ನಟ್ಟು ಮತ್ತೊಮ್ಮೆ ಬಿಗಿಸಲೇಬೇಕು. ಬ್ಯಾಲೆನ್ಸಿಂಗ್ ಮಾಡಿಸದೆ ಗಾಡಿ ಹೊರಡಿಸಬಾರದು.

ರಿಪೇರಿ ಖರ್ಚು ಹೊಸ ರಿಮ್ಮಿನ ಬೆಲೆಯ ಅರ್ಧ ದಾಟಿದರೆ ಹೊಸದೇ ಲೇಸು. ಉಕ್ಕಿನ ಡಿಸ್ಕಿನ ವಿಷಯದಲ್ಲಂತೂ ಈ ಲೆಕ್ಕ ಮೊದಲು ಹಾಕಬೇಕು.

ಪ್ಯಾಟಿಯವರಿಗೊಂದು ಮಾತು

ಒಬ್ಬೊಬ್ಬರೇ ಒಂದೊಂದು ಗಾಲಿ ಹೊತ್ತು ಅಲೆಯುವ ಬದಲು ಘಟಪ್ರಭಾದ್ದೋ ಮೂಡಲಗಿಯದ್ದೋ ಟಾಯರ್ ಅಂಗಡಿಯವರು ವಾರಕ್ಕೊಮ್ಮೆ ಗಾಲಿ ಕೂಡಿಸಿ ಬೆಳಗಾವಿಗೆ ಕಳಿಸಿದರೆ ಗಿರಾಕಿಗೂ ಅನುಕೂಲ, ಅಂಗಡಿಗೂ ನಾಲ್ಕು ಕಾಸು. ಐ.ಟಿ.ಐ. ಕಲಿತು ಕೆಲಸಕ್ಕೆ ಪುಣೆ ಕಡೆ ಮುಖ ಮಾಡುವ ಹುಡುಗರು ಊರಲ್ಲೇ ಈ ಕಸಬು ಹಿಡಿಯಬಹುದು. ಸಣ್ಣ ಉದ್ಯೋಗದ ಸಾಲಕ್ಕೆಂದೇ 2015ರಲ್ಲಿ ಮುದ್ರಾ ಯೋಜನೆ ಬಂದಿದೆ. ಬ್ಯಾಂಕಿನವರೂ ಇಂಥ ಅರ್ಜಿಯನ್ನು ಟೇಬಲ್ಲಿನಿಂದ ಟೇಬಲ್ಲಿಗೆ ಉರುಳಿಸಬಾರದು.

ಇದೆಲ್ಲ ಆದರೂ ಮೂಲ ರೋಗ ರಸ್ತೆಯದೇ. ಗಾಲಿ ಎಷ್ಟು ಸಲ ನೆಟ್ಟಗೆ ಮಾಡಿಸಿದರೂ ತಗ್ಗು ಹಾಗೇ ಇದ್ದರೆ ಮತ್ತೆ ಸೊಟ್ಟ. ಹಂಗಾಮು ಶುರುವಾಗುವ ಮೊದಲೇ ರಸ್ತೆ ಅಂಚಿಗೆ ಮುರುಮು ಹಾಕಿಸಿ, ತಗ್ಗು ತುಂಬಿಸಿದರೆ ಎಷ್ಟೋ ಗಾಲಿ ಉಳಿದಾವು, ಎಷ್ಟೋ ಮನೆಯ ಮಂದಿ ಹೊತ್ತಿಗೆ ಸರಿಯಾಗಿ ಮನೆ ಮುಟ್ಟ್ಯಾರು. ಲೋಕೋಪಯೋಗಿ ಇಲಾಖೆಯವರು ಇತ್ತ ನೋಡುವರೇ?