ಮರ ಕೆತ್ತೋಕೆ ಯಾವ ಚಾಕು?

ಕಟ್ಟಿಗೆ ಚೂರಲ್ಲಿ ಚಮಚ, ಕುದುರೆ ಕೆತ್ತೋ ಆಸೆನಾ? ಕಾಡಿಗೆ ಒಯ್ಯೋ ಉದ್ದನೆ ಚಾಕು ಬೇಡ. ನೋಡೋಕೆ ಚೆಂದ, ಕೆತ್ತೋಕೆ ಕಾಟ.

ಸ್ವೀಡನ್ನಿನ ಮೋರಾ ಚಾಕು ನೋಡಿ. ದಾಲಾ ಅನ್ನೋ ಬಣ್ಣದ ಮರದ ಕುದುರೆಗಳ ಸೀಮೆ ಮೋರಾ. ಮೋರಾ 120 ಅನ್ನೋ ಮಾದರಿಯ ಅಲಗು ಬರೀ 6 ಸೆಂಟಿಮೀಟರ್. ಮೊನೆ ಬೆರಳಿಗೆ ಹತ್ತಿರ, ಹಾಗಾಗಿ ಹೇಳಿದ ಕಡೆ ತಿರುಗುತ್ತೆ.

ಈಗ ಅಲಗಿನ ಇಳಿಜಾರು ಗಮನಿಸಿ. ಅಡುಗೆಮನೆ ಚಾಕುವಿಗೆ ಸಾಮಾನ್ಯವಾಗಿ ಅಂಚಲ್ಲಿ ಇನ್ನೊಂದು ಪುಟ್ಟ ಇಳಿಜಾರು ಇರುತ್ತೆ. ಇದಕ್ಕಿಲ್ಲ. ಎರಡೂ ಬದಿ ಒಂದೇ ಅಗಲವಾದ ಇಳಿಜಾರು, ನೇರ ಅಂಚಿನವರೆಗೆ. ಅದನ್ನ ಮರಕ್ಕೆ ಒರಗಿಸಿದ್ರೆ ಎಷ್ಟು ಆಳ ಕೊಯ್ಯುತ್ತೆ ಅಂತ ಕೈಗೇ ತಿಳಿಯುತ್ತೆ. ಮಸೆಯೋವಾಗಲೂ ಅಷ್ಟೇ: ಇಳಿಜಾರನ್ನ ಸಾಣೆಕಲ್ಲಿಗೆ ಪೂರ್ತಿ ತಾಗಿಸಿ ಉಜ್ಜಿ. ಕೋನ ಊಹಿಸೋ ತಲೆನೋವಿಲ್ಲ.

ಹಿಡಿ ಅಂಗೈ ತುಂಬಲಿ. ಬೆರಳಿಗೆ ಅಡ್ಡ ತಡೆ ಇರೋದು ಬೇಡ, ಹಿಡಿತ ಬದಲಿಸೋಕೆ ಬಿಡಲ್ಲ.

ಕಾರ್ಬನ್ ಸ್ಟೀಲ್ ಸಲೀಸಾಗಿ ಹರಿತವಾಗುತ್ತೆ, ಬೇಗ ತುಕ್ಕೂ ಹಿಡಿಯುತ್ತೆ. ಆದ್ರೂ ನನ್ನ ಓಟು ಅದಕ್ಕೇ. ಒರೆಸಿ, ಎಣ್ಣೆ ಸವರಿ ಇಡಿ.

ಮೊದಲ ಮರ? ಚನ್ನಪಟ್ಟಣದ ಬೊಂಬೆಗೆ ಬಳಸೋ ಆಲೆ ಮರ ಸಿಕ್ಕರೆ ಬಿಡಬೇಡಿ, ಮೆದು.

ಹಾಂ, ಚಮಚದ ಗುಂಡಿ ಇದರಲ್ಲಿ ತೋಡೋಕಾಗಲ್ಲ. ಅದಕ್ಕೆ ಬಾಗಿದ ಅಲಗಿನ ಚಾಕು ಬೇರೆ ತಗೋಬೇಕು.