ಮಾಂಸ ಬಿಟ್ಟ ‘ಬೀಗೊಸ್’: ಪೋಲೆಂಡಿನ ಕೋಸಿನ ಕಥೆ

ತಾಳಮೇಳವಿಲ್ಲದೆ ಎಲ್ಲವೂ ಬೆರೆತುಹೋದರೆ ನಾವು ‘ಕಲಸುಮೇಲೋಗರ’ ಎನ್ನುತ್ತೇವೆ. ಅಡುಗೆಮನೆಯ ಮಾತು ಹೀಗೆ ಹೊರಗೆ ಬಂದದ್ದು ಕನ್ನಡದಲ್ಲಷ್ಟೇ ಅಲ್ಲ. ಪೋಲೆಂಡಿನಲ್ಲಿ ಯಾರಾದರೂ ಗೊಂದಲ ಎಬ್ಬಿಸಿದರೆ ‘ಬೀಗೊಸ್ ಮಾಡಿಬಿಟ್ಟ’ ಎನ್ನುತ್ತಾರೆ. ಹುಳಿ ಬರಿಸಿದ ಎಲೆಕೋಸು, ಹಸಿ ಕೋಸು, ಹಲವು ಬಗೆಯ ಮಾಂಸ, ಒಣ ಅಣಬೆ ಎಲ್ಲವನ್ನೂ ಕೂಡಿಸಿ ಗಂಟೆಗಟ್ಟಲೆ ಬೇಯಿಸುವ ಅಡುಗೆಯೇ ಬೀಗೊಸ್. ಅಲ್ಲಿನವರು ಅದನ್ನು ತಮ್ಮ ರಾಷ್ಟ್ರೀಯ ಖಾದ್ಯವೆಂದೇ ಭಾವಿಸುತ್ತಾರೆ.

ಈಗ ಮಾಂಸವನ್ನೇ ಕೈಬಿಟ್ಟು ಬೀಗೊಸ್ ಮಾಡುವ ಹೊಸ ರೂಢಿಯೂ ಬಂದಿದೆ. ‘ಮಾಂಸವಿಲ್ಲದ ಮೇಲೆ ಅದೆಂಥ ಬೀಗೊಸ್?’ ಎಂದು ಮೂಗು ಮುರಿಯುವವರೂ ಇದ್ದಾರೆ. ಪ್ರಶ್ನೆ ಸಹಜವೇ. ಉತ್ತರಕ್ಕೆ ಮಾತ್ರ ಇತಿಹಾಸವನ್ನು ಕೆದಕಬೇಕು.

1682ರಲ್ಲಿ ಸ್ತಾನಿಸ್ವಾಫ್ ಚೆರ್ನೆತ್ಸ್ಕಿ ಎಂಬ ಬಾಣಸಿಗ ಕ್ರಾಕೋವ್ ನಗರದಲ್ಲಿ ಪಾಕಶಾಸ್ತ್ರದ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ಪೋಲಿಷ್ ಭಾಷೆಯ ಅತಿ ಹಳೆಯ ಅಡುಗೆ ಪುಸ್ತಕಗಳಲ್ಲಿ ಅದೂ ಒಂದು. ಅದರಲ್ಲಿ ಬೀಗೊಸ್ ಇದೆ, ಕೋಸು ಇಲ್ಲ! ಆಗ ಬೀಗೊಸ್ ಎಂದರೆ ಸಣ್ಣಗೆ ಕೊಚ್ಚಿದ ಮಾಂಸ ಅಥವಾ ಮೀನು. ಹುಳಿಗೆ ನಿಂಬೆ, ವಿನೆಗರ್. ಇದು ಸಿರಿವಂತರ ಊಟ. ಹದಿನೆಂಟನೆಯ ಶತಮಾನದಲ್ಲಿ ಕೈ ಬಿಗಿಯಿದ್ದವರು ಮಾಂಸವನ್ನು ಕಡಿಮೆ ಮಾಡಿ, ನಿಂಬೆಯ ಬದಲು ಅಗ್ಗದ ಹುಳಿಕೋಸನ್ನು ಸೇರಿಸಿದರು. ಅದಕ್ಕೆ ‘ಪೋಕರಿ ಬೀಗೊಸ್’ ಎಂಬ ಹೆಸರೂ ಬಿತ್ತು. ಕೊನೆಗೆ ಉಳಿದದ್ದು ಈ ಪೋಕರಿಯೇ. 1834ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಕಟವಾದ ‘ಪಾನ್ ತದೇವುಶ್’ ಕಾವ್ಯದಲ್ಲಿ ಆದಂ ಮಿಟ್ಸ್ಕೆವಿಚ್ ಬೇಟೆಯ ನಂತರದ ಬೀಗೊಸ್ ಊಟವನ್ನು ಮನದುಂಬಿ ಬಣ್ಣಿಸಿದ್ದಾನೆ. ಪೋಲೆಂಡ್ ಆಗ ಭೂಪಟದಲ್ಲೇ ಇರಲಿಲ್ಲ, ಕವಿ ದೇಶಭ್ರಷ್ಟ. ಅವನಿಗೆ ಆ ಹಬೆಯಲ್ಲಿ ಕಂಡದ್ದು ಕಳೆದುಹೋದ ತಾಯ್ನಾಡು.

ಮುಂದೆಯೂ ಮಾಂಸ ಸದಾ ಸಿಕ್ಕಿತೆಂದಲ್ಲ. 1981ರಿಂದ 1989ರವರೆಗೆ ಅಲ್ಲಿ ಮಾಂಸಕ್ಕೆ ಪಡಿತರ ಚೀಟಿ ಇತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿಯಂತೂ ಮಾಂಸ ಮುಟ್ಟದಿರುವುದೇ ಸಂಪ್ರದಾಯ. ಆ ದಿನ ಕೋಸು–ಅಣಬೆಯ ಅಡುಗೆಗೆ ಎಲೆಯ ಮೇಲೆ ಮೊದಲ ಮರ್ಯಾದೆ. ಅಂದರೆ ‘ಹೊಸದು’ ಎನ್ನುವುದರ ಬೇರು ಹಳೆಯ ಮನೆಗಳಲ್ಲೇ ಇದೆ.

ಇದರ ಜೀವ ಹುಳಿಕೋಸು. ಒಂದು ಕಿಲೋ ಹೆಚ್ಚಿದ ಕೋಸಿಗೆ ಸುಮಾರು 20 ಗ್ರಾಂ ಉಪ್ಪು ಹಾಕಿ ಹಿಸುಕಿದರೆ ನೀರು ಬಿಡುತ್ತದೆ. ಆ ನೀರಿನಲ್ಲಿ ಕೋಸು ಪೂರ್ತಿ ಮುಳುಗುವಂತೆ ಅದುಮಿ, ತಂಪಾದ ಜಾಗದಲ್ಲಿ ಎರಡು ಮೂರು ವಾರ ಇಡಬೇಕು. ಇಡ್ಲಿ ಹಿಟ್ಟನ್ನು ಹುಳಿ ಬರಿಸುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಬಳಗವೇ ಇಲ್ಲೂ ಕೆಲಸ ಮಾಡುವುದು. ಹುಟ್ಟುವ ಆಮ್ಲ ಕೋಸನ್ನು ಚಳಿಗಾಲವಿಡೀ ಕೆಡದಂತೆ ಕಾಯುತ್ತದೆ.

ಹೊಸ ಬಗೆಯಲ್ಲಿ ಮಾಂಸ ಮಾಡುತ್ತಿದ್ದ ಕೆಲಸವನ್ನು ಹಲವರು ಹಂಚಿಕೊಳ್ಳುತ್ತಾರೆ. ಹುರಿದ ಈರುಳ್ಳಿ ಮತ್ತು ಎಣ್ಣೆ ಜಿಡ್ಡು ಕೊಡುತ್ತವೆ. ನೆನೆಸಿದ ಒಣ ಅಣಬೆ ಗಾಢ ರುಚಿ ಕೊಡುತ್ತದೆ. ಅದರ ನೀರನ್ನೂ ಚೆಲ್ಲುವುದಿಲ್ಲ. ಹೊಗೆಯಲ್ಲಿ ಒಣಗಿಸಿದ ಪ್ಲಮ್ ಹಣ್ಣು ಸಿಹಿಯ ಜೊತೆಗೆ ಹೊಗೆಯ ಕಂಪನ್ನೂ ತರುತ್ತದೆ. ಬೇಯಿಸಿದ ಬಿಳಿ ಹುರುಳಿಕಾಯಿ ಬೀಜ ಹೊಟ್ಟೆ ತುಂಬಿಸುತ್ತದೆ. ಹುಳಿಕೋಸು, ಹಸಿ ಕೋಸು ಸಮಪ್ರಮಾಣದಲ್ಲಿ ಸೇರಿಸಿ, ಕರಿಮೆಣಸು ಹಾಕಿ, ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿದರಾಯಿತು. ಆದರೆ ಅಂದೇ ಉಣ್ಣುವ ಆತುರ ಬೇಡ. ತಣ್ಣಗಿಟ್ಟು ಮರುದಿನ ಬಿಸಿ ಮಾಡಿದಾಗಲೇ ಹುಳಿ, ಸಿಹಿ, ಹೊಗೆ ಒಂದಾಗುವುದು.

ಬಡವರ ಕೋಸು ಒಮ್ಮೆ ಸಿರಿವಂತರ ನಿಂಬೆಯನ್ನು ಹೊರಗಟ್ಟಿತು. ಈಗ ಅಣಬೆ ಮಾಂಸದ ಜಾಗ ಕೇಳುತ್ತಿದೆ. ಪಾತ್ರೆಯೊಳಗಿನ ಪಟ್ಟಿ ಬದಲಾಗುತ್ತಲೇ ಇದೆ. ಇದ್ದುದರಲ್ಲೇ ರುಚಿ ಕಟ್ಟುವ ಜಾಣ್ಮೆ ಮಾತ್ರ ಹಳೆಯದೇ.